ಪೆಟ್ಟಿಗೆಗಳು ಕರಗಿದವು, ಬಯಕೆ ಕರಗಲಿಲ್ಲ: ಚೀನಾದ ಅಫೀಮು ಕಲಿಸುವ ಪಾಠ

ಮಾದಕ ವಸ್ತುಗಳ ಕುರಿತು ನಮ್ಮ ಸಮುದಾಯದ ವೇದಿಕೆಗಳಲ್ಲಿ ಇಂದು ಬಹಳಷ್ಟು ಮಾತುಗಳು ಕೇಳಿಬರುತ್ತಿವೆ. ಶುಕ್ರವಾರದ ಖುತ್ಬಾಗಳಲ್ಲಿ, ಜಮಾಅತ್‌ನ ಸಭೆಗಳಲ್ಲಿ, ಶಾಲೆಯ ಪೋಷಕರ ಕೂಟಗಳಲ್ಲಿ ಈ ವಿಷಯ ಬಂದಾಗಲೆಲ್ಲ ಹೆಚ್ಚಾಗಿ ಒಂದೇ ಪ್ರಶ್ನೆ ಏಳುತ್ತದೆ: ಇದನ್ನು ಮಾರುವವರು ಯಾರು, ಅವರನ್ನು ಹಿಡಿಯುವುದು ಯಾವಾಗ? ಪ್ರಶ್ನೆ ನ್ಯಾಯವಾದುದೇ. ಆದರೆ ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ನಾವು ಮರೆಯುತ್ತೇವೆ. ಕೊಳ್ಳುವವರು ಯಾರು? ಅವರು ಏಕೆ ಕೊಳ್ಳುತ್ತಾರೆ?

ಈ ಎರಡನೆಯ ಪ್ರಶ್ನೆಯನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಚೀನಾದ ಅಫೀಮಿನ ಇತಿಹಾಸ ದೊಡ್ಡದೊಂದು ಸಾಕ್ಷಿ. ಅದು ದೂರದ ದೇಶದ ಕಥೆಯೆಂದು ನಾವು ಪಕ್ಕಕ್ಕೆ ಸರಿಸುವಂತೆಯೂ ಇಲ್ಲ. ಆ ಅಫೀಮಿನ ಬಹುಪಾಲು ಬೆಳೆದದ್ದು ಭಾರತದ ಹೊಲಗಳಲ್ಲಿ; ಹಡಗು ಹತ್ತಿದ್ದು ಕಲ್ಕತ್ತಾ ಮತ್ತು ಮುಂಬಯಿಯ ಬಂದರುಗಳಲ್ಲಿ.

ಇನ್ನೂರರಿಂದ ನಲವತ್ತು ಸಾವಿರಕ್ಕೆ

ಚೀನಾದ ಚಕ್ರವರ್ತಿ ಯೊಂಗ್‌ಝೆಂಗ್ ಸೇದುವ ಅಫೀಮಿನ ಮಾರಾಟವನ್ನು 1729ರಲ್ಲಿಯೇ ನಿಷೇಧಿಸಿದ್ದನು. ಆಗ ಆ ದೇಶಕ್ಕೆ ವರ್ಷಕ್ಕೆ ಬರುತ್ತಿದ್ದುದು ಸುಮಾರು 200 ಪೆಟ್ಟಿಗೆ. ಒಂದು ಪೆಟ್ಟಿಗೆಯಲ್ಲಿ ಅರುವತ್ತು ಕಿಲೋಗಿಂತ ತುಸು ಹೆಚ್ಚು ಅಫೀಮು ಇರುತ್ತಿತ್ತು. ನೂರು ವರ್ಷ ಕಳೆಯುವಷ್ಟರಲ್ಲಿ ಈ ಲೆಕ್ಕ ಸಾವಿರಗಳಿಗೆ ಏರಿತು. 1838ರ ಹೊತ್ತಿಗೆ ಸುಮಾರು 40,000 ಪೆಟ್ಟಿಗೆಗಳನ್ನು ಮುಟ್ಟಿತು. ನಿಷೇಧವು ಆ ಕಾಲದುದ್ದಕ್ಕೂ ಜಾರಿಯಲ್ಲಿತ್ತು. ಹೊಸ ಆಜ್ಞೆಗಳೂ ಒಂದರ ಮೇಲೊಂದು ಹೊರಟಿದ್ದವು.

ಇದರ ಹಿಂದೆ ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕಾಚಾರವಿತ್ತು. ಬ್ರಿಟಿಷರಿಗೆ ಚೀನಾದ ಚಹಾ ಬೇಕಾಗಿತ್ತು. ಚೀನಾಕ್ಕೆ ಬ್ರಿಟಿಷರ ಸರಕು ಅಷ್ಟಾಗಿ ಬೇಕಿರಲಿಲ್ಲ. ಹಾಗಾಗಿ ಚಹಾಕ್ಕೆ ಬೆಳ್ಳಿಯನ್ನೇ ತೆರಬೇಕಾಗಿತ್ತು. 1773ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳ ಮತ್ತು ಬಿಹಾರದ ಅಫೀಮಿನ ಮೇಲೆ ಕಂಪನಿಯ ಏಕಸ್ವಾಮ್ಯವನ್ನು ಸ್ಥಾಪಿಸಿದನು. ಪಾಟ್ನಾ ಮತ್ತು ಗಾಝೀಪುರದ ಸುತ್ತಲಿನ ರೈತರಿಗೆ ಮುಂಗಡ ಹಣ ಕೊಟ್ಟು ಗಸಗಸೆ ಬೆಳೆಸಲಾಯಿತು. ಬೆಲೆಯನ್ನು ಗೊತ್ತುಪಡಿಸುತ್ತಿದ್ದುದು ಕಂಪನಿ. ರೈತನಿಗೆ ದಕ್ಕುತ್ತಿದ್ದುದು ಅಲ್ಪ. ಸಿದ್ಧವಾದ ಅಫೀಮು ಕಲ್ಕತ್ತಾದಲ್ಲಿ ಹರಾಜಾಗುತ್ತಿತ್ತು. ಕಂಪನಿ ತನ್ನ ಸ್ವಂತ ಹಡಗುಗಳಲ್ಲಿ ಅದನ್ನು ಚೀನಾಕ್ಕೆ ಒಯ್ಯುತ್ತಿರಲಿಲ್ಲ. ಹರಾಜಿನಲ್ಲಿ ಕೊಂಡ ಖಾಸಗಿ ವರ್ತಕರು ಒಯ್ಯುತ್ತಿದ್ದರು, ಕ್ಯಾಂಟನ್ ಸಮೀಪದ ಲಿಂಟಿನ್ ದ್ವೀಪದ ಬಳಿ ಕಳ್ಳಸಾಗಣೆಗಾರರ ದೋಣಿಗಳಿಗೆ ಇಳಿಸುತ್ತಿದ್ದರು. ಕೈಗೆ ಮಸಿ ತಾಗದಂತೆ ಲಾಭ ಪಡೆಯುವ ವಿಧಾನವಿದು.

ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ಈ ವ್ಯಾಪಾರದಲ್ಲಿ ಕೈಜೋಡಿಸಿದವರು ಬ್ರಿಟಿಷರಷ್ಟೇ ಅಲ್ಲ. ಮುಂಬಯಿಯ ಹೆಸರಾಂತ ವರ್ತಕ ಜಮ್‌ಶೆಟ್‌ಜಿ ಜೀಜೀಭಾಯಿಯವರ ಸಂಪತ್ತಿನ ಮೂಲಗಳಲ್ಲಿ ಚೀನಾದ ಅಫೀಮು ವ್ಯಾಪಾರವೂ ಒಂದು. ಅವರು ಪಾರ್ಸಿ. ಅವರ ಪಾಲುದಾರರಲ್ಲಿ ಜೈನ ವರ್ತಕ ಮೋತಿಚಂದ್ ಅಮಿಚಂದ್ ಇದ್ದರು. ಕೊಂಕಣಿ ಮುಸ್ಲಿಂ ವರ್ತಕ ಮುಹಮ್ಮದ್ ಅಲಿ ರೋಗೆಯವರೂ ಇದ್ದರು. ಲಾಭ ಕರೆದಾಗ ಎಲ್ಲ ಧರ್ಮದವರೂ ಓಗೊಟ್ಟರು. ನಶೆಯ ವ್ಯಾಪಾರವನ್ನು ಯಾವುದೋ ಒಂದು ಸಮುದಾಯದ ತಲೆಗೆ ಕಟ್ಟಲು ಹೊರಡುವವರಿಗೂ, ನಮ್ಮವರು ಇದರಿಂದ ದೂರ ಎಂದು ಹೇಳಿಕೊಳ್ಳುವವರಿಗೂ ಈ ಪಾಲುದಾರಿಕೆಯೇ ಉತ್ತರ.

ಬೇಡಿಕೆ ಒಂದಲ್ಲ, ಎರಡು

ಮಾಮೂಲಿ ಸರಕಿನ ಬೆಲೆ ಏರಿದರೆ ಜನರು ಕಡಿಮೆ ಕೊಳ್ಳುತ್ತಾರೆ, ಇಳಿದರೆ ಹೆಚ್ಚು ಕೊಳ್ಳುತ್ತಾರೆ. ಇದು ಸಂತೆಯಲ್ಲಿ ಕುಳಿತವರೆಲ್ಲರಿಗೂ ತಿಳಿದ ಮಾತು. ಅಮಲು ಪದಾರ್ಥದ ವಿಷಯದಲ್ಲಿ ಈ ನಿಯಮ ಎರಡು ಹೋಳಾಗುತ್ತದೆ.

ಇನ್ನೂ ಚಟ ಅಂಟದವನು, ಕುತೂಹಲಕ್ಕೋ ಗೆಳೆಯರ ಒತ್ತಾಯಕ್ಕೋ ಕೈಚಾಚುವವನು ಬೆಲೆಗೆ ಬಗ್ಗುತ್ತಾನೆ. ವಸ್ತು ದುಬಾರಿಯಾದರೆ, ಸಿಗುವುದು ಕಷ್ಟವಾದರೆ ಅವನು ಹಿಂದೆ ಸರಿಯುವ ಸಾಧ್ಯತೆ ಹೆಚ್ಚು. ಚಟಕ್ಕೆ ಬಿದ್ದವನ ಸ್ಥಿತಿ ಬೇರೆ. ಬೆಲೆ ಇಮ್ಮಡಿಯಾದರೂ ಅವನ ಕೊಳ್ಳುವಿಕೆ ಅರ್ಧಕ್ಕೆ ಇಳಿಯುವುದಿಲ್ಲ. ಅವನು ಮನೆಯ ಪಾತ್ರೆ ಮಾರುತ್ತಾನೆ, ಹೆಂಡತಿಯ ಒಡವೆ ಅಡವಿಡುತ್ತಾನೆ, ಸಾಲ ಮಾಡುತ್ತಾನೆ, ಕೊನೆಗೆ ಕದಿಯುತ್ತಾನೆ. ಆದ್ದರಿಂದ ಅಗ್ಗದ ಅಫೀಮು ಹೊಸಬರನ್ನು ಎಳೆಯುತ್ತದೆ. ದುಬಾರಿ ಅಫೀಮು ಹಳಬರನ್ನು ಸುಲಿಯುತ್ತದೆ. ಒಂದೇ ಮದ್ದಿನಿಂದ ಇವೆರಡನ್ನೂ ಗುಣಪಡಿಸಲಾಗದು.

ಚೀನಾದಲ್ಲಿ ಎರಡೂ ಸಂಭವಿಸಿದವು. ಮಧ್ಯಭಾರತದ ಮಾಳ್ವ ಪ್ರದೇಶದ ಸಂಸ್ಥಾನಗಳಲ್ಲಿ ಬೆಳೆದ ಅಫೀಮು ಕಂಪನಿಯ ಹಿಡಿತದ ಆಚೆಗಿತ್ತು. ಅದನ್ನು ತಡೆಯಲು ಹೋಗಿ ಸೋತ ಕಂಪನಿ, 1830ರ ಆಸುಪಾಸಿನಲ್ಲಿ ಸುಂಕ ಪಡೆದು ಮುಂಬಯಿಯ ಮೂಲಕ ಸಾಗಲು ಬಿಟ್ಟಿತು. ಜೊತೆಗೆ ಪೈಪೋಟಿಗಾಗಿ ತನ್ನ ಉತ್ಪಾದನೆಯನ್ನೂ ಹೆಚ್ಚಿಸಿತು. ಬೆಲೆ ಕುಸಿಯಿತು. ಮೊದಲು ಸಿರಿವಂತರ, ಅಧಿಕಾರಿಗಳ ವಿಲಾಸವಾಗಿದ್ದ ಅಫೀಮಿನ ಕೊಳವೆ ಗುಮಾಸ್ತರ, ಸೈನಿಕರ, ಕೂಲಿಗಳ ಕೈಗೆ ಬಂತು. 1832ರಲ್ಲಿ ಯಾವೋ ಬುಡಕಟ್ಟಿನ ದಂಗೆಯನ್ನು ಅಡಗಿಸಲು ಹೋದ ಕರಾವಳಿಯ ಸೈನಿಕರು ಅಫೀಮಿನ ಚಟದಿಂದಾಗಿ ಕಾದಾಡಲಾರದವರಾಗಿದ್ದರೆಂಬ ವರದಿ ಆಸ್ಥಾನವನ್ನು ಬೆಚ್ಚಿಬೀಳಿಸಿತು.

ಸೇದದವರೂ ಬೆಲೆ ತೆತ್ತರು. ಅಫೀಮಿಗಾಗಿ ಬೆಳ್ಳಿ ದೇಶದಿಂದ ಹೊರಗೆ ಹರಿಯಿತು. ಬಡ ರೈತನ ಸಂಪಾದನೆ ತಾಮ್ರದ ನಾಣ್ಯದಲ್ಲಿ, ಅವನು ಕಟ್ಟಬೇಕಾದ ತೆರಿಗೆಯ ಲೆಕ್ಕ ಬೆಳ್ಳಿಯಲ್ಲಿ. ಹಿಂದೆ ಒಂದು ಟೇಲ್ ಬೆಳ್ಳಿಗೆ ಸುಮಾರು 1,000 ತಾಮ್ರದ ಕಾಸು ಸಾಕಾಗುತ್ತಿತ್ತು. 1838ರ ಹೊತ್ತಿಗೆ 1,600ರಷ್ಟು ಬೇಕಾಯಿತು. ಅಫೀಮನ್ನು ಕಣ್ಣಿನಿಂದಲೂ ನೋಡದ ರೈತನ ತೆರಿಗೆಯ ಭಾರ ಹೀಗೆ ಒಂದೂವರೆ ಪಟ್ಟು ಮೀರಿತು. ವ್ಯಸನ ಒಬ್ಬನ ಖಾಸಗಿ ವಿಷಯ ಎನ್ನುವ ಮಾತು ಎಷ್ಟು ಪೊಳ್ಳೆಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಆಸ್ಥಾನದ ಚರ್ಚೆ

ಆಗ ಬೀಜಿಂಗ್‌ನ ಆಸ್ಥಾನದಲ್ಲಿ ನಡೆದ ಚರ್ಚೆ ಇಂದಿಗೂ ಹಳತಾಗಿಲ್ಲ. 1836ರಲ್ಲಿ ಶು ನಾಯ್‌ಜಿ ಎಂಬ ಅಧಿಕಾರಿ, ನಿಷೇಧದಿಂದ ಲಂಚಕೋರರು ಮಾತ್ರ ಕೊಬ್ಬಿದ್ದಾರೆ. ಅಫೀಮನ್ನು ಕಾನೂನುಬದ್ಧಗೊಳಿಸಿ ಸುಂಕ ಹಾಕೋಣ ಎಂದು ಬರೆದನು. 1838ರಲ್ಲಿ ಹುವಾಂಗ್ ಜ್ಯೂಝಿ ಎಂಬಾತ ಇದಕ್ಕೆ ತದ್ವಿರುದ್ಧವಾದ ಸಲಹೆ ಮುಂದಿಟ್ಟನು: ಸೇದುವವರಿಲ್ಲದಿದ್ದರೆ ಮಾರುವವರೂ ಇರುವುದಿಲ್ಲ, ಆದುದರಿಂದ ಬಿಡಲು ಒಂದು ವರ್ಷ ಗಡುವು ಕೊಟ್ಟು, ಅನಂತರವೂ ಸೇದುವವರಿಗೆ ಮರಣದಂಡನೆ ವಿಧಿಸಬೇಕು.

ಬೇಡಿಕೆಯೇ ಮೂಲವೆಂಬುದನ್ನು ಹುವಾಂಗ್ ಸರಿಯಾಗಿಯೇ ಗುರುತಿಸಿದ್ದನು. ಆದರೆ ಅವನ ಬಳಿಯಿದ್ದ ಮದ್ದು ಭಯವೊಂದೇ. ಚಕ್ರವರ್ತಿ ದಾವೊಗುವಾಂಗ್ ಪ್ರಾಂತಗಳ ಅಧಿಕಾರಿಗಳ ಅಭಿಪ್ರಾಯ ಕೇಳಿದಾಗ ಬಹುತೇಕರು ವ್ಯಸನಿಗಳನ್ನು ಕೊಲ್ಲುವುದಕ್ಕೆ ಒಪ್ಪಲಿಲ್ಲ. ಬಂದರನ್ನೂ ಕಳ್ಳಸಾಗಣೆಯನ್ನೂ ಬಿಗಿಗೊಳಿಸಬೇಕೆಂದರು. ಕಠಿಣ ಶಿಕ್ಷೆಯನ್ನು ಬೆಂಬಲಿಸಿದ ಕೆಲವರಲ್ಲಿ ಲಿನ್ ಝೆಶು ಒಬ್ಬನು. ಆದರೂ ಲಿನ್ ಬರೀ ದಂಡದ ಮನುಷ್ಯನಾಗಿರಲಿಲ್ಲ. ತನ್ನ ಆಡಳಿತದ ಹುಬೆ ಮತ್ತು ಹುನಾನ್ ಪ್ರದೇಶದಲ್ಲಿ ಅವನು ಕೊಳವೆಗಳನ್ನು ಮುಟ್ಟುಗೋಲು ಹಾಕಿಕೊಳ್ಳುವುದರ ಜೊತೆಗೆ ಚಟ ಬಿಡಿಸುವ ಔಷಧಿಯನ್ನೂ ಹಂಚಿಸಿದ್ದನು.

ಚಕ್ರವರ್ತಿ ಅವನನ್ನೇ ಕ್ಯಾಂಟನ್‌ಗೆ ಕಳುಹಿಸಿದನು. 1839ರ ಮಾರ್ಚ್‌ನಲ್ಲಿ ಅಲ್ಲಿಗೆ ತಲುಪಿದ ಲಿನ್, ವಿದೇಶಿ ವರ್ತಕರಿಂದ 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡನು. ಜೂನ್ ತಿಂಗಳಲ್ಲಿ ಹುಮೆನ್ ಎಂಬಲ್ಲಿ ದೊಡ್ಡ ಹೊಂಡಗಳನ್ನು ತೋಡಿಸಿ, ಉಪ್ಪು ಮತ್ತು ಸುಣ್ಣ ಬೆರೆಸಿ, ಮೂರು ವಾರಗಳ ಕಾಲ ಅದನ್ನೆಲ್ಲ ಕರಗಿಸಿ ಸಮುದ್ರಕ್ಕೆ ಹರಿಯಬಿಟ್ಟನು. ಲಂಚಕ್ಕೆ ಬಗ್ಗದ ಆ ಅಧಿಕಾರಿಯ ಪ್ರಾಮಾಣಿಕತೆಗೆ ನಾವು ತಲೆದೂಗಲೇಬೇಕು.

ಆದರೆ ಫಲಿತಾಂಶ? ಕರಾವಳಿಯಲ್ಲಿ ಅಫೀಮಿನ ಬೆಲೆ ಗಗನಕ್ಕೇರಿತು. ಸೇದುವವರ ಬಯಕೆ ಹೊಂಡದಲ್ಲಿ ಕರಗಿರಲಿಲ್ಲ. ಉಳಿದ ಸರಕನ್ನು ಹಡಗುಗಳಲ್ಲಿ ಕರಾವಳಿಯುದ್ದಕ್ಕೂ ಒಯ್ದು ಮಾರಿದವರು ಹಿಂದೆಂದೂ ಕಾಣದ ಲಾಭ ಗಳಿಸಿದರು. ಬ್ರಿಟನ್ ಯುದ್ಧನೌಕೆಗಳನ್ನು ಕಳುಹಿಸಿತು. 1842ರ ನಾನ್‌ಜಿಂಗ್ ಒಪ್ಪಂದದಲ್ಲಿ ಚೀನಾ ಹಾಂಗ್‌ಕಾಂಗ್ ದ್ವೀಪವನ್ನು ಕಳೆದುಕೊಂಡಿತು, 2.1 ಕೋಟಿ ಬೆಳ್ಳಿ ಡಾಲರ್ ದಂಡ ತೆರಬೇಕಾಯಿತು. ಅದರಲ್ಲಿ 60 ಲಕ್ಷ, ಲಿನ್ ನಾಶಪಡಿಸಿದ ಅಫೀಮಿನ ಬೆಲೆ!

ಖಜಾನೆಗೂ ಚಟ ಹತ್ತಿದಾಗ

ಎರಡನೆಯ ಅಫೀಮು ಯುದ್ಧದ ನಡುವೆ, 1858ರಲ್ಲಿ, ಶು ನಾಯ್‌ಜಿಯ ಹಳೆಯ ಸಲಹೆ ಬೇರೊಂದು ರೀತಿಯಲ್ಲಿ ಜಾರಿಗೆ ಬಂತು. ಬಲವಂತಕ್ಕೆ ಮಣಿದ ಚೀನಾ ಅಫೀಮಿಗೆ ‘ವಿದೇಶಿ ಔಷಧಿ’ ಎಂಬ ಹೆಸರಿಟ್ಟು, ಪೆಟ್ಟಿಗೆಗೆ 30 ಟೇಲ್ ಬೆಳ್ಳಿಯ ಸುಂಕ ಹಾಕಿ ಒಳಗೆ ಬಿಟ್ಟುಕೊಂಡಿತು. ಕಾನೂನುಬದ್ಧಗೊಳಿಸಿದರೆ ಪಿಡುಗು ಹತೋಟಿಗೆ ಬರುತ್ತದೆ ಎಂಬ ವಾದಕ್ಕೂ ಇತಿಹಾಸ ಇಲ್ಲಿ ಉತ್ತರ ಕೊಟ್ಟಿದೆ. ಆಮದು 1880ರ ವೇಳೆಗೆ ಒಂದು ಲಕ್ಷ ಪೆಟ್ಟಿಗೆಗಳ ಸಮೀಪಕ್ಕೆ ಬಂತು. ಸಿಚುವಾನ್, ಯುನ್ನಾನ್ ಮುಂತಾದ ಪ್ರಾಂತಗಳಲ್ಲಿ ಗಸಗಸೆ ಬೆಳೆ ಹಬ್ಬಿ, ಇಪ್ಪತ್ತನೆಯ ಶತಮಾನದ ಆರಂಭಕ್ಕೆ ದೇಶದೊಳಗಿನ ಉತ್ಪಾದನೆಯೇ ಆಮದನ್ನು ಹಲವು ಪಟ್ಟು ಮೀರಿಸಿತು.

ಇತ್ತ ಬ್ರಿಟಿಷ್ ಭಾರತದ ಸರಕಾರದ ಆದಾಯದಲ್ಲಿ ಅಫೀಮಿನ ಪಾಲು ಒಂದು ಹಂತದಲ್ಲಿ ಸುಮಾರು ಏಳರಲ್ಲಿ ಒಂದು ಭಾಗದಷ್ಟಿತ್ತು. ಅಷ್ಟು ದೊಡ್ಡ ವರಮಾನವನ್ನು ಬಿಡಲು ಯಾವ ಖಜಾನೆಗೆ ಮನಸ್ಸಾದೀತು? ಇದೇ ಕಂಪನಿಯೊಂದಿಗೆ ಕಾದಾಡಿದ ಮೈಸೂರಿನ ಟಿಪ್ಪು ಸುಲ್ತಾನ್ 1780ರ ದಶಕದಲ್ಲಿ, ವರಮಾನದ ನಷ್ಟವನ್ನು ಲೆಕ್ಕಿಸದೆ ಮದ್ಯನಿಷೇಧಕ್ಕೆ ಮುಂದಾದುದನ್ನು ಇಲ್ಲಿ ನೆನೆಯಬೇಕು. ಆ ಹೊತ್ತಿನಲ್ಲಿ ಕಲ್ಕತ್ತಾದ ಕಂಪನಿ ಅಫೀಮಿನ ಹರಾಜಿನ ಲೆಕ್ಕ ಬರೆಯುತ್ತಿತ್ತು.

1906ರಲ್ಲಿ ಚೀನಾ ಮತ್ತೊಮ್ಮೆ ಪ್ರಯತ್ನಿಸಿತು. ಈ ಸಲ ದಾರಿ ಬೇರೆಯಾಗಿತ್ತು. ಹತ್ತು ವರ್ಷಗಳ ಗುರಿ ಇರಿಸಿಕೊಳ್ಳಲಾಯಿತು. ಸೇದುವವರನ್ನು ನೋಂದಾಯಿಸಿ ಪ್ರಮಾಣವನ್ನು ಕ್ರಮೇಣ ಇಳಿಸುವ ವ್ಯವಸ್ಥೆ ಬಂತು. ಬೆಳೆಯನ್ನು ಕಡಿತಗೊಳಿಸಲಾಯಿತು. ಊರೂರುಗಳಲ್ಲಿ ಅಫೀಮು ವಿರೋಧಿ ಸಂಘಗಳು ಹುಟ್ಟಿಕೊಂಡು ಚಟ ಬಿಡಿಸುವ ಆಶ್ರಯಗಳನ್ನು ತೆರೆದವು. ಕೊಳವೆಗಳನ್ನು ಬಹಿರಂಗವಾಗಿ ಸುಟ್ಟವು. ಲಿನ್‌ನ ಹುಟ್ಟೂರು ಫುಝೌನಲ್ಲಿ ಇಂಥ ಸಂಘದ ಮುಂದಾಳುತನ ವಹಿಸಿದವನು ಅವನದೇ ವಂಶಸ್ಥ. ಜನರ ಈ ಸಂಕಲ್ಪವನ್ನು ಕಂಡ ಮೇಲೆ ಬ್ರಿಟನ್ ಕೂಡ ಮಣಿಯಿತು. 1908ರಿಂದ ಭಾರತದ ಅಫೀಮು ರಫ್ತನ್ನು ವರ್ಷಕ್ಕೆ ಹತ್ತನೇ ಒಂದರಂತೆ ಇಳಿಸಲು ಒಪ್ಪಿತು. ಯುದ್ಧನೌಕೆಗಳ ಮುಂದೆ ಸೋತ ದೇಶ ಈ ಬಾರಿ ಮೊಹಲ್ಲಾ ಸಂಘಗಳ ಬಲದಿಂದ ಬಹುದೂರ ಗೆದ್ದಿತು.

ಆ ಗೆಲುವು ಉಳಿಯಲಿಲ್ಲ. ಸಾಮ್ರಾಜ್ಯ ಕುಸಿದು ಸೇನಾಧಿಪತಿಗಳು ಪ್ರಾಂತಗಳನ್ನು ಹಂಚಿಕೊಂಡಾಗ ಅವರಿಗೆ ಹಣ ಬೇಕಾಯಿತು. ಗಸಗಸೆಯ ಬೆಳೆ ಮರಳಿತು. ಕೆಲವೆಡೆ ಗಸಗಸೆ ಬೆಳೆಯದ ರೈತನಿಗೆ ‘ಸೋಮಾರಿ ತೆರಿಗೆ’ಯನ್ನೇ ವಿಧಿಸಿದರು! ಚಟ ಬಿಡಿಸುವ ಮಾತ್ರೆಗಳೆಂದು ಮಾರಲಾದ ಗುಳಿಗೆಗಳಲ್ಲಿ ಮಾರ್ಫಿನ್ ಇರುತ್ತಿತ್ತು. ಅಫೀಮು ಬಿಟ್ಟವನು ಇನ್ನೂ ಕ್ರೂರವಾದ ವಿಷಕ್ಕೆ ದಾಸನಾಗುತ್ತಿದ್ದನು. ಬಯಕೆಯ ಬೇರು ಉಳಿದರೆ ಅದು ಬೇರೊಂದು ವಸ್ತುವಿನಲ್ಲಿ ಚಿಗುರುತ್ತದೆ.

ಮದೀನಾದ ಬೀದಿಗಳಲ್ಲಿ

ಬೇಡಿಕೆ ಮತ್ತು ಪೂರೈಕೆ ಎರಡನ್ನೂ ಒಟ್ಟಿಗೆ ನಿಭಾಯಿಸಿದ ಸಮಾಜ ಇತಿಹಾಸದಲ್ಲಿ ಇದೆಯೇ ಎಂದು ಕೇಳಿದರೆ, ನಮ್ಮ ನೋಟ ಸಹಜವಾಗಿ ಮದೀನಾದೆಡೆಗೆ ಹೊರಳುತ್ತದೆ. ಭಕ್ತಿಯ ಜೊತೆಗೆ ಅರ್ಥಶಾಸ್ತ್ರದ ಕಣ್ಣಿನಿಂದಲೂ ಅದನ್ನು ನೋಡೋಣ.

ಮದೀನಾದ ಮದ್ಯ ಹಡಗಿನಲ್ಲಿ ಬರುವ ಸರಕಾಗಿರಲಿಲ್ಲ. ಅದನ್ನು ಹೆಚ್ಚಾಗಿ ಖರ್ಜೂರದಿಂದ ಮಾಡುತ್ತಿದ್ದರು. ಕಚ್ಚಾವಸ್ತು ಪ್ರತಿಯೊಂದು ತೋಟದಲ್ಲಿಯೂ ಇತ್ತು. ಪಾತ್ರೆ ಪ್ರತಿಯೊಂದು ಮನೆಯಲ್ಲಿಯೂ ಇತ್ತು. ಇಂಥಲ್ಲಿ ಪಹರೆಯಿಂದ ಪೂರೈಕೆಯನ್ನು ತಡೆಯುವುದು ಅಸಾಧ್ಯ. ಮನಸ್ಸು ಬದಲಾಗದೆ ಬೇರೆ ದಾರಿಯೇ ಇರಲಿಲ್ಲ.

ಪವಿತ್ರ ಕುರ್‌ಆನ್ ಮೊದಲು ಅದರಲ್ಲಿ ಲಾಭವೂ ಇದೆ, ಆದರೆ ಪಾಪ ಲಾಭಕ್ಕಿಂತ ದೊಡ್ಡದು ಎಂದು ತೂಗಿ ತೋರಿಸಿತು (2:219). ಲಾಭವೇ ಇಲ್ಲವೆಂದು ಹೇಳಲಿಲ್ಲ ಎಂಬುದು ಗಮನಾರ್ಹ. ನಂತರ ಅಮಲಿನ ಸ್ಥಿತಿಯಲ್ಲಿ ನಮಾಝಿಗೆ ಸಮೀಪಿಸಬಾರದೆಂದಿತು (4:43). ದಿನಕ್ಕೆ ಐದು ನಮಾಝ್ ಇರುವಾಗ ಕುಡಿತಕ್ಕೆ ಉಳಿಯುವ ಹೊತ್ತು ತಾನಾಗಿ ಕುಗ್ಗಿತು. ಅಬೂಸಈದ್ ಅಲ್‌ಖುದ್ರಿ(ರ) ವರದಿ ಮಾಡಿರುವಂತೆ, ಅಂತಿಮ ಆಜ್ಞೆ ಬರುವ ಮುನ್ನ ಪ್ರವಾದಿ(ಸ)ಯವರು ಜನರಿಗೆ ಮುನ್ಸೂಚನೆ ಕೊಟ್ಟು, ಮದ್ಯವಿರುವವರು ಅದನ್ನು ಮಾರಿ ಪ್ರಯೋಜನ ಪಡೆಯಲು ಅವಕಾಶವಿತ್ತರು. ಸರಕಿನ ಒಡೆಯನ ನಷ್ಟವೂ ಅಲ್ಲಿ ಗಮನಕ್ಕೆ ಬಂದಿತ್ತು. ಆ ಬಳಿಕ ಸಂಪೂರ್ಣ ನಿಷೇಧ ಅವತೀರ್ಣವಾಯಿತು (5:90-91). ಅಬೂತಲ್ಹಾ(ರ)ರ ಮನೆಯಲ್ಲಿ ಮದ್ಯ ಬಡಿಸುತ್ತಿದ್ದ ಅನಸ್(ರ) ಘೋಷಣೆ ಕೇಳಿದೊಡನೆ ಅದನ್ನು ಹೊರಗೆ ಚೆಲ್ಲಿದರು. ಮದೀನಾದ ಬೀದಿಗಳಲ್ಲಿ ಮದ್ಯ ಹರಿಯಿತು. ಹುಮೆನ್‌ನಲ್ಲಿ ಚೆಲ್ಲಿದ್ದು ಸರಕಾರ. ಮದೀನಾದಲ್ಲಿ ಚೆಲ್ಲಿದವರು ಸ್ವತಃ ಕುಡಿಯುತ್ತಿದ್ದವರು. ವ್ಯತ್ಯಾಸವೆಲ್ಲ ಇಲ್ಲಿಯೇ ಇದೆ.

ಕುಡಿಯಬೇಡಿ ಎಂಬ ಮಾತೇ ಮೊದಲು ಅವತೀರ್ಣವಾಗಿದ್ದರೆ ಜನರು ಎಂದಿಗೂ ಬಿಡೆವು ಎನ್ನುತ್ತಿದ್ದರೆಂದು ಹಝ್ರತ್ ಆಯಿಶಾ(ರ) ಹೇಳಿರುವುದು ಈ ಕ್ರಮದ ಗುಟ್ಟು. ಪೂರೈಕೆಯನ್ನೂ ಸುಮ್ಮನೆ ಬಿಡಲಿಲ್ಲ. ಮದ್ಯ ತಯಾರಿಸುವವನು, ಹೊರುವವನು, ಬಡಿಸುವವನು, ಮಾರುವವನು, ಅದರ ಹಣ ಉಣ್ಣುವವನು ಸೇರಿದಂತೆ ಹತ್ತು ಮಂದಿಯನ್ನು ಹದೀಸ್ ಶಾಪಕ್ಕೆ ಗುರಿಪಡಿಸಿದೆ. ಕಲ್ಕತ್ತಾದ ಹರಾಜುದಾರನಿಗೂ ಮುಂಬಯಿಯ ಹಡಗಿನ ಒಡೆಯನಿಗೂ ಈ ಪಟ್ಟಿಯಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಕಾಯಿದೆ ತಿಳಿದಿದ್ದ ಮಾತ್ರಕ್ಕೆ ಎಲ್ಲವೂ ಸರಿಯಾಗುತ್ತದೆಂದು ನಾವು ಹೇಳುತ್ತಿಲ್ಲ. ಮೊಗಲ್ ಚಕ್ರವರ್ತಿ ಜಹಾಂಗೀರ್ ತನ್ನ ಮದ್ಯ ಮತ್ತು ಅಫೀಮಿನ ಚಟದ ಬಗ್ಗೆ ತಾನೇ ಬರೆದಿಟ್ಟಿದ್ದಾನೆ. ಅವನ ಇಬ್ಬರು ಸಹೋದರರು ಕುಡಿತದಿಂದಲೇ ಅಕಾಲ ಮರಣಕ್ಕೆ ತುತ್ತಾದರು. ನಿಷೇಧದ ವಚನ ಅವರ ಅರಮನೆಯಲ್ಲಿಯೂ ಓದಲ್ಪಡುತ್ತಿತ್ತು.

ನಮ್ಮ ಮೊಹಲ್ಲಾಗಳಿಗೆ

ಇಂದು ನಮ್ಮ ಮುಂದಿರುವ ವಸ್ತುಗಳ ಹೆಸರು ಬೇರೆ. ಬಯಕೆಯ ನಿಯಮ ಅದೇ. ಮಾರುವವನ ಮಾಹಿತಿಯನ್ನು ಪೊಲೀಸರಿಗೆ ತಿಳಿಸುವುದು ನಮ್ಮ ಕರ್ತವ್ಯ. ವಸ್ತು ಸುಲಭವಾಗಿ ಸಿಗದಿದ್ದರೆ ಹೊಸ ಹುಡುಗರು ಉಳಿಯುತ್ತಾರೆ. ಆದರೆ ಅಲ್ಲಿಗೆ ನಿಂತರೆ, ಈಗಾಗಲೇ ಸಿಲುಕಿದ ಹುಡುಗ ದುಬಾರಿ ಬೆಲೆ ತೆತ್ತು ಇನ್ನೊಬ್ಬನಿಂದ ಕೊಳ್ಳುತ್ತಾನೆ. ಆ ಹಣಕ್ಕಾಗಿ ಕೆಲವೊಮ್ಮೆ ಅವನೇ ಮಾರಾಟಗಾರನಾಗುತ್ತಾನೆ.

ಅವನ ವಿಷಯದಲ್ಲಿ ನಾವು ಮಾಡುತ್ತಿರುವುದೇನು? ಮಗನ ಚಟವನ್ನು ಮನೆಯವರು ಮರ್ಯಾದೆಗಂಜಿ ಮುಚ್ಚಿಡುತ್ತಾರೆ. ಮದುವೆ ಮಾಡಿದರೆ ಸರಿಹೋಗುತ್ತಾನೆಂದು ಅರಿಯದ ಹೆಣ್ಣುಮಗಳೊಬ್ಬಳ ಬದುಕನ್ನು ಒತ್ತೆಯಿಡುತ್ತಾರೆ. ವಿಷಯ ಬಯಲಾದರೆ ಜಮಾಅತ್‌ನವರು ಮುಖ ತಿರುಗಿಸುತ್ತಾರೆ. ಕುಡಿದು ಶಿಕ್ಷೆಗೊಳಗಾದ ಒಬ್ಬನನ್ನು ಯಾರೋ ಶಪಿಸಿದಾಗ, ನಿಮ್ಮ ಸಹೋದರನ ವಿರುದ್ಧ ಸೈತಾನನಿಗೆ ನೆರವಾಗದಿರಿ ಎಂಬರ್ಥದಲ್ಲಿ ಪ್ರವಾದಿ(ಸ)ಯವರು ತಡೆದರು. ಶಿಕ್ಷೆ ಇತ್ತು, ಬಹಿಷ್ಕಾರ ಇರಲಿಲ್ಲ.

ನಮ್ಮ ದೇಶದ ಕಾನೂನು ಕೂಡ ಈ ಬಾಗಿಲನ್ನು ತೆರೆದಿಟ್ಟಿದೆ. 1985ರ ಮಾದಕ ದ್ರವ್ಯ ಕಾಯಿದೆಯ 64ಎ ವಿಧಿಯ ಪ್ರಕಾರ, ಬರೀ ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ದೊರೆಯುತ್ತದೆ. ಚಿಕಿತ್ಸೆಯನ್ನು ಪೂರ್ತಿಗೊಳಿಸದಿದ್ದರೆ ಆ ರಕ್ಷಣೆ ಹಿಂತೆಗೆಯಲ್ಪಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗಾಗಿಯೇ ವಿಭಾಗವಿದೆ. ಕೇಂದ್ರ ಸರಕಾರದ ಉಚಿತ ಸಹಾಯವಾಣಿ 14446 ಇದೆ. ಈ ಮಾಹಿತಿ ಪ್ರತಿಯೊಂದು ಮಸೀದಿಯ ಫಲಕದ ಮೇಲೆ ಇರಬೇಕು. ಚಿಕಿತ್ಸೆಯಿಂದ ಮರಳಿದವನಿಗೆ ಒಂದು ಕೆಲಸ, ಸಫ್ಫಿನಲ್ಲಿ ಒಂದು ಜಾಗ, ಹಳೆಯದನ್ನು ಕೆದಕದ ನೆರೆಹೊರೆ ಸಿಗಬೇಕು. ಇದು ಸಿಗದವನನ್ನು ಹಳೆಯ ಗೆಳೆಯರು ಮತ್ತೆ ಕರೆಯುತ್ತಾರೆ.

ಲಿನ್ ಝೆಶು 20,000 ಪೆಟ್ಟಿಗೆಗಳನ್ನು ಕರಗಿಸಿದನು. ಅವನ ಊರಿನ ಸಂಘಗಳು ಎಪ್ಪತ್ತು ವರ್ಷಗಳ ನಂತರ ಒಬ್ಬೊಬ್ಬ ವ್ಯಸನಿಯ ಕೈಹಿಡಿದು ಎಬ್ಬಿಸಲು ಹೊರಟವು. ಮೊದಲನೆಯದು ಸರಕಾರದ ಕೆಲಸ, ಎರಡನೆಯದು ನಮ್ಮದು. ನಮ್ಮ ಮನೆಗಳಲ್ಲಿ ಮೌನವಾಗಿ ಬೇಯುತ್ತಿರುವ ತಾಯಂದಿರ ಭಾರವನ್ನು ಹಗುರಗೊಳಿಸುವ ವಿವೇಕವನ್ನೂ ಧೈರ್ಯವನ್ನೂ ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.